ಬಾಗಿಲು ಕಿತ್ತ ದೊಡ್ಡಕ್ಕಾರ ನಾಟಕ

ನಾಟಕ ಕಲಿಸುವವನಿಗೆ ನಿವೃತ್ತಿಯ ವಯಸ್ಸನ್ನು ಯಾರೂ ಗೊತ್ತುಮಾಡಿಲ್ಲ. ನನಗೆ ಅದನ್ನು ಗೊತ್ತುಮಾಡಿದ್ದು ನನ್ನ ಕಿವಿ. ಮೊದಲು ಬಲಗಿವಿ ಮಂದವಾಯಿತು, ಆಮೇಲೆ ಎಡಗಿವಿಯೂ ಅದೇ ದಾರಿ ಹಿಡಿಯಿತು. ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ ತಾಲೀಮು ನಡೆದಿತ್ತು. ಹಾಡುವ ಹುಡುಗ ಸುರ ಬಿಟ್ಟು ಎಲ್ಲಿಯೋ ಹೋಗಿದ್ದಾನೆ, ನಾನು ಹಾರ್ಮೋನಿಯಂ ಪೇಟಿಯ ಮುಂದೆ ಕುಳಿತು ತಲೆದೂಗುತ್ತ 'ಭೇಷ್' ಅನ್ನುತ್ತಿದ್ದೇನೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಅವರು ಅನ್ನದೇ ಇದ್ದದ್ದರಿಂದಲೇ ನನಗೆ ತಿಳಿಯಿತು. ಪೇಟಿಯನ್ನು ನಮ್ಮೂರು ಕಮತಗಿಗೆ ತಂದು ಅಟ್ಟಕ್ಕೇರಿಸಿದೆ.

ಈಗ ಆಗಾಗ ನಾಟಕ ಕಲಿಸಲು ಹೊರಟ ಹುಡುಗರು ಮನೆಗೆ ಬರುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ನಾಟಕ ಇನ್ನೂ ನಿಂತಿಲ್ಲವಲ್ಲ, ಕಲಿಸುವವರು ಬೇಕು. ಇವರ ಕಿಸೆಯಲ್ಲಿ ಪೆನ್‌ಡ್ರೈವ್ ಇರುತ್ತದೆ. ಅದರೊಳಗೆ ಗುಡುಗು, ಮಳೆ, ಮದುವೆಯ ವಾಲಗ, ತಾಯಿ ಅಳುವ ಸದ್ದು ಎಲ್ಲವೂ ತುಂಬಿರುತ್ತವೆ. ನಾವು ಗುಡುಗಿಗೆ ತಗಡು ಬಡಿಯುತ್ತಿದ್ದೆವು. "ಮಾಸ್ತರ, ಈ ಕೆಲಸದಾಗ ಏನ್ ತಿಳ್ಕೊಂಡಿರಬೇಕ್ರಿ?" ಎಂದು ಕೇಳುತ್ತಾರೆ. ಎಲ್ಲೆಲ್ಲಿ ಶಾಲು ಹೊದಿಸಿದರು ಎಂಬುದನ್ನು ಹೇಳಿ ಅವರ ಹೊತ್ತು ಕಳೆಯುವುದಿಲ್ಲ. ಕೆಲಸ ಏನೆಂದು ಹೇಳುತ್ತೇನೆ. ಊರಿನ ಹುಡುಗರು ಬಾಗಲಕೋಟೆಯಿಂದ ನಾಟಕದ ಪುಸ್ತಕ ತರುತ್ತಾರೆ. ಮೊದಲ ಜಗಳ ಖಳನಾಯಕನ ಪಾತ್ರಕ್ಕೆ, ಯಾಕೆಂದರೆ ಮೀಸೆ, ಚಾಟಿ, ದೊಡ್ಡ ನಗು ಎಲ್ಲ ಅವನವೇ. ಹೆಣ್ಣು ಪಾತ್ರಕ್ಕೆ ವೃತ್ತಿಯ ನಟಿಯರನ್ನು ಕರೆಸುತ್ತಾರೆ. ಮಾಸ್ತರನಾದವನು ಹಾಡಿಗೆ ಧಾಟಿ ಕೂಡಿಸಬೇಕು, ಮಾತು ಬಾಯಿಪಾಠ ಮಾಡಿಸಬೇಕು, ಮುನಿಸಿಕೊಂಡವರನ್ನು ಮನೆಯಿಂದ ಕರೆತರಬೇಕು, ಆಟದ ದಿನ ಪರದೆಯ ಬದಿಗೆ ಕುಳಿತು ಪೇಟಿ ನುಡಿಸುತ್ತಲೇ ಮರೆತ ಮಾತು ಎತ್ತಿಕೊಡಬೇಕು.

ಎತ್ತಿಕೊಡುವಾಗ ಎಚ್ಚರ. ಒಮ್ಮೆ ನಾನು ಏಕಕಾಲಕ್ಕೆ ಎರಡು ಊರುಗಳಲ್ಲಿ ಎರಡು ನಾಟಕ ಕಲಿಸುತ್ತಿದ್ದೆ. ಆಟದ ದಿನ ಚೀಲದಲ್ಲಿ ಬಂದದ್ದು ಇನ್ನೊಂದು ಊರಿನ ಪುಸ್ತಕ. ನಾಯಕ ಮಾತು ಮರೆತು ನನ್ನ ಕಡೆ ನೋಡಿದ. ನಾನು ಓದಿ ಕೊಟ್ಟೆ, ಅವನು ಅದನ್ನೇ ಎದೆಯುಬ್ಬಿಸಿ ಒಪ್ಪಿಸಿದ. ತನ್ನ ಸ್ವಂತ ತಂಗಿಗೆ ಪ್ರೇಮದ ಮಾತು! ತಂಗಿಯ ಪಾತ್ರದವಳು ಜಾಣೆ. "ಅಣ್ಣಾ, ನಿನಗ ಜ್ವರ ನೆತ್ತಿಗೇರ್ಯಾವು, ಒಳಗ ನಡಿ" ಎಂದು ಅವನನ್ನು ಎಳೆದುಕೊಂಡು ಹೋದಳು. ಆ ಜಾಣೆಯ ಹೆಸರು ಶೋಭಾ. ಬಾದಾಮಿಯವಳು. ಹಾಸ್ಯಕ್ಕೆ, ಕುಣಿತಕ್ಕೆ, ಎದುರು ಮಾತಿಗೆ ಅವಳನ್ನು ಮೀರಿಸುವವರು ಈ ಸೀಮೆಯಲ್ಲಿ ಇರಲಿಲ್ಲ.

ನನಗೆ ಈ ವಿದ್ಯೆ ಕಲಿಸಿದವರು ಬಸಲಿಂಗಪ್ಪ ಮಾಸ್ತರರು. ಸಿಟ್ಟಿನವರು. ಪೇಟಿಯ ಮೇಲೆ ಬೆರಳು ತಪ್ಪಿದರೆ ಅದೇ ಬೆರಳಿಗೆ ಹೊಡೆಯುತ್ತಿದ್ದರು. ಅವರು ಹೇಳಿಕೊಟ್ಟ ಸೂತ್ರ ಒಂದೇ: "ನಾಟಕ ಅಂದ್ರ ಒಬ್ಬಂವ ಹೊಂಟಿರ್ತಾನ, ಇನ್ನೊಬ್ಬಂವ ಅಡ್ಡ ನಿಂದರ್ತಾನ. ಅಡ್ಡ ನಿಂದರಾಂವ ಇಲ್ಲಂದ್ರ ಅದು ನಾಟಕ ಅಲ್ಲಲೇ, ಮೆರವಣಿಗಿ." ಈ ಸೂತ್ರ ಹಿಡಿದು ನಾನು ಬಹಳ ವರ್ಷ ಬದುಕಿದೆ. ಅದು ಕೈಕೊಟ್ಟದ್ದು ಒಂದೇ ಒಂದು ನಾಟಕದಲ್ಲಿ. ಆ ನಾಟಕ ಗೆದ್ದಿತೋ ಬಿದ್ದಿತೋ ನನಗೆ ಇಂದಿಗೂ ತಿಳಿದಿಲ್ಲ. ಹುಡುಗರಿಗೆ ಹೇಳುವುದು ಅದೊಂದನ್ನೇ.

ಇಳಕಲ್ಲಿನ ಹೊರಗೆ, ಗ್ರಾನೈಟ್ ಖಣಿಗಳಲ್ಲಿ ದುಡಿಯುವವರ ಗುಡಿಸಲುಗಳ ಹತ್ತಿರ, ನಾಲ್ಕಾರು ಜನ ಕ್ರೈಸ್ತ ಸನ್ಯಾಸಿನಿಯರು ಇದ್ದರು. ಒಂದು ಸಣ್ಣ ದವಾಖಾನೆ, ಹೆಣ್ಣುಮಕ್ಕಳಿಗೆ ಹೊಲಿಗೆಯ ತರಗತಿ, ದಿಕ್ಕಿಲ್ಲದ ಮುದುಕ ಮುದುಕಿಯರಿಗೆ ಒಂದು ಮನೆ, ಇಷ್ಟು ಅವರ ಸಂಸಾರ. ಜನ ಅವರನ್ನು ಸಾಲೆಯ ಟೀಚರುಗಳನ್ನು ಕರೆದಂತೆ 'ಅಕ್ಕಾರು' ಅನ್ನುತ್ತಿದ್ದರು. ಅವರಲ್ಲಿ ಹಿರಿಯರು ಸಿಸ್ಟರ್ ಐರಿನ್. ಮಂಗಳೂರು ಕಡೆಯವರು. ಒಂದು ದಿನ ಅವರು ಬಸ್ಸಿನಲ್ಲಿ ಕಮತಗಿಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರು.

"ಮಾಸ್ತ್ರೇ, ನಮಗೊಂದು ನಾಟಕ ಮಾಡಿಸಿಕೊಡಬೇಕು. ನಮ್ಮ ಸನ್ಯಾಸಿನಿಯರ ಸಭೆಯನ್ನು ಸ್ಥಾಪಿಸಿದ ಸಂತಳ ಜೀವನ. ಅವಳ ಹಬ್ಬದ ದಿನಕ್ಕೆ."

"ಮಕ್ಕಳ ಕಡಿಂದ ಮಾಡಿಸ್ರಲ್ಲ," ಎಂದೆ.

"ಪ್ರತಿ ವರ್ಷ ಮಾಡಿಸ್ತೇವೆ. ಹತ್ತು ನಿಮಿಷ. ಜನ ಚಪ್ಪಾಳೆ ತಟ್ಟಿ ಹೋಗ್ತಾರೆ. ನಿಮ್ಮ ನಾಟಕ ನೋಡಿದವರು ಮರುದಿನ ದವಾಖಾನೆಯಲ್ಲಿ ಸಾಲಲ್ಲಿ ನಿಂತು ಅದೇ ಮಾತಾಡ್ತಿರ್ತಾರೆ. ನನಗೆ ಅಂಥದು ಬೇಕು."

ಕಥೆ ಹೇಳಿ ಎಂದೆ. ಅವರು ಹೇಳಿದರು. ಸಮುದ್ರದಾಚೆಯ ದೇಶ, ಬಹಳ ಹಿಂದಿನ ಕಾಲ. ರೇಷ್ಮೆ ವ್ಯಾಪಾರಿಯ ಒಬ್ಬಳೇ ಮಗಳು. ಒಂದು ಚಳಿಗಾಲದಲ್ಲಿ ದಾರಿಯಲ್ಲಿ ಬಿದ್ದಿದ್ದ ಒಬ್ಬ ರೋಗಿ ಮುದುಕಿಯನ್ನು ಮನೆಗೆ ತರಲು ಹೊರಟಳು. ಹೊರುವುದಕ್ಕೆ ಏನೂ ಸಿಗಲಿಲ್ಲ. ಮನೆಯ ಬಾಗಿಲನ್ನೇ ಕೀಲಿನಿಂದ ಕಳಚಿ, ಅದರ ಮೇಲೆ ಮಲಗಿಸಿ ತಂದಳು. ಬಾಗಿಲು ಮುದುಕಿಗೆ ಮಂಚವಾಯಿತು. ಆಮೇಲೆ ಆ ಮನೆಗೆ ಬಾಗಿಲು ಕೂರಲೇ ಇಲ್ಲ. ರೋಗಿಗಳು ಬಂದರು, ಕುಡುಕರು ಬಂದರು, ಕಳ್ಳರು ಬಂದರು, ನಾಯಿಗಳೂ ಬಂದವು. ಅವಳು ಎಲ್ಲರಿಗೂ ಗಂಜಿ ಹಾಕಿದಳು. ಹಾಗೆಯೇ ಮುದುಕಿಯಾಗಿ ಸತ್ತಳು.

ನಾನು ಕಾದೆ. ಕಥೆ ಅಷ್ಟೇ.

"ಖಳನಾಯಕ ಯಾರ್ರಿ?" ಎಂದು ಕೇಳಿದೆ.

ಅವರು ಯೋಚಿಸಿದರು. "ಯಾರೂ ಇಲ್ಲ."

"ಅವರಪ್ಪ ಅಡ್ಡ ಬರಲಿಲ್ಲೇನ್ರಿ?"

"ಇಲ್ಲ. ಅವನೂ ಬಂದು ಪಾತ್ರೆ ತೊಳೆದ."

"ಹಂಗಾರ ಯಾರ ಅಡ್ಡ ಬಂದ್ರು?"

"ಬಡತನ ಅಂತ ಇಟ್ಟುಕೊಳ್ಳಿ."

"ಅಕ್ಕಾರ, ಬಡತನಕ್ಕ ಮೀಸಿ ಹಚ್ಚಾಕ ಬರ್ತೈತೇನ್ರಿ?"

ಅವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಒಪ್ಪಿಕೊಂಡದ್ದು ಯಾಕೆಂದು ಹೇಳಲಾರೆ. ಬಾಗಿಲು ಕಳಚಿದ ಆ ಒಂದು ನೋಟ ಕಣ್ಣ ಮುಂದೆ ನಿಂತುಬಿಟ್ಟಿತ್ತು ಅಂತ ಕಾಣುತ್ತದೆ.

ಹೆಸರಿನಿಂದಲೇ ಗೊಂದಲ ಸುರುವಾಯಿತು. ಆ ಸಂತಳ ಹೆಸರು ನನ್ನ ಹುಡುಗರ ನಾಲಿಗೆಗೆ ಹೊರಳಲಿಲ್ಲ. 'ಒಬ್ಬ ಸಂತಿಯ ಕಥೆ' ಎಂದು ಇಡೋಣವೆಂದರೆ, ನಮ್ಮ ಕಡೆ ಸಂತಿ ಎಂದರೆ ವಾರದ ಪೇಟೆ. "ಯಾ ಊರ ಸಂತಿರಿ?" ಎಂದು ಒಬ್ಬ ಕೇಳಿಯೇ ಬಿಟ್ಟ. ಕೊನೆಗೆ, ಈ ಸನ್ಯಾಸಿನಿಯರು ಅಕ್ಕಾರು ಆದರೆ ಇವರಿಗೆಲ್ಲ ಹಿರಿಯಳು ದೊಡ್ಡಕ್ಕಾರು ಎಂದು ಹೆಸರಾಯಿತು. ನೇಕಾರರ ಓಣಿಯಿಂದ ಪಾತ್ರಕ್ಕೆ ಬಂದ ಹುಡುಗರಲ್ಲಿ ಒಬ್ಬನಿಗೆ ಬೇರೆ ಅಳುಕು. "ಮಾಸ್ತರ, ಬ್ಯಾರೆ ದೇವರ ನಾಟಕ ಮಾಡಿದ್ರ ಮನ್ಯಾಗ ಏನಂತಾರ?" ಎಂದ. ಅವನ ಅಜ್ಜಿಯನ್ನು ಕೇಳಲು ನಾನೇ ಹೋದೆ. ಅಜ್ಜಿ ಕಥೆ ಪೂರ್ತಿ ಕೇಳಿ, "ದಾಸೋಹ ಮಾಡ್ಯಾಳ ಅಂದಂಗಾತು. ಮಾಡ್ಲಿ ಬಿಡು, ಅದಕ್ಕೇನು ಜಾತಿ," ಎಂದಳು. ಹುಡುಗನ ಅಳುಕು ಹೋಯಿತು. ನನ್ನದು ಹೋಗಲಿಲ್ಲ. ದಾಸೋಹವೇ ಆದರೆ ಕಿತ್ತ ಬಾಗಿಲನ್ನು ಮತ್ತೆ ಯಾಕೆ ಕೂಡಿಸಲಿಲ್ಲ? ಕೂಡಿಸಿ ತೆರೆದಿಟ್ಟರೆ ಸಾಲದಿತ್ತೆ?

ದೊಡ್ಡಕ್ಕಾರ ಪಾತ್ರಕ್ಕೆ ಶೋಭಾನೇ ಬೇಕೆಂದೆ. ಸಿಸ್ಟರ್ ಐರಿನ್ ಅವಳನ್ನು ನೋಡಬೇಕೆಂದರು. ಇಬ್ಬರೂ ಬಾದಾಮಿಗೆ ಹೋದೆವು. ಮಹಾಕೂಟಕ್ಕೆ ಹೋಗುವ ರಸ್ತೆಯ ಕಡೆಗೆ ಅವಳ ಮನೆ. ಅಂಗಳದಲ್ಲಿ ಸೀರೆ ಒಣಹಾಕುತ್ತಿದ್ದವಳು ನಮ್ಮನ್ನು ಒಳಗೆ ಕರೆದು ಚಹಾ ಕೊಟ್ಟಳು.

"ಡ್ಯಾನ್ಸ್ ಎಷ್ಟದಾವ್ರಿ ಮಾಸ್ತರ?"

"ಇಲ್ಲ."

"ಹಾಸ್ಯ?"

"ಇಲ್ಲವ್ವ."

"ಹೀರೋ ಯಾರ್ರಿ?"

"ಹೀರೋನೂ ಇಲ್ಲ."

ಶೋಭಾ ಸಿಸ್ಟರ್ ಕಡೆ ತಿರುಗಿದಳು. "ಹಂಗಾರ ಮಂದಿ ನನ್ನ ಯಾಕ ನೋಡಬೇಕ್ರೀ ಅಕ್ಕಾರ?"

"ನನಗೂ ಅದೇ ಗೊತ್ತಿಲ್ಲಮ್ಮ," ಎಂದರು ಸಿಸ್ಟರ್. "ಅವಳನ್ನೂ ಜನ ಯಾಕೆ ನೋಡಲಿಕ್ಕೆ ಹೋಗ್ತಿದ್ದರೋ."

ಆ ಉತ್ತರ ಶೋಭಾಳಿಗೆ ಹಿಡಿಸಿತು. ಬರುತ್ತೇನೆ ಎಂದಳು.

ನಾನು ನಾಟಕ ಬರೆದೆ. ಸೂತ್ರ ಬಿಡಲಾಗಲಿಲ್ಲ. ದೊಡ್ಡಕ್ಕಾರ ಚಿಕ್ಕಪ್ಪ ಎಂದು ಒಬ್ಬನನ್ನು ಹುಟ್ಟಿಸಿ, ಅವನಿಗೆ ಮೀಸೆ ಕೊಟ್ಟು, ಆಸ್ತಿಗಾಗಿ ಸಂಚು ಹೂಡಿಸಿದೆ. ಸಿಸ್ಟರ್ ಓದಿ ನೋಡಿ, "ಇವನು ಇರಲಿಲ್ಲ ಮಾಸ್ತ್ರೇ," ಎಂದರು. ಇದ್ದರೆ ನಾಟಕಕ್ಕೆ ಒಳ್ಳೆಯದು ಎಂದೆ. "ಇದ್ದಿದ್ದರೆ ಅವಳಿಗೂ ಒಳ್ಳೆಯದಿತ್ತು," ಎಂದರು. ಅದರ ಅರ್ಥ ನನಗೆ ಆಗಲಿಲ್ಲ. ಚಿಕ್ಕಪ್ಪನನ್ನು ಪುಸ್ತಕದಿಂದ ಹೊಡೆದುಹಾಕಿದೆ. ಆ ಪಾತ್ರಕ್ಕೆ ಬಂದಿದ್ದವನು ಮುನಿಸಿಕೊಂಡು ಎರಡು ದಿನ ಬರಲಿಲ್ಲ. ಆಮೇಲೆ ಕುಡುಕನ ಪಾತ್ರ ಕೊಟ್ಟು ಕರೆತಂದೆ.

ತಾಲೀಮು ಹೊಲಿಗೆಯ ಕೋಣೆಯಲ್ಲಿ ನಡೆಯಿತು. ಯಾವ ಪಾತ್ರವನ್ನಾದರೂ ಮೂರು ದಿನಕ್ಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ಶೋಭಾ ಇಲ್ಲಿ ತಡವರಿಸತೊಡಗಿದಳು. ಮಾತು ಬಂದರೂ ನಡಿಗೆ ಬರಲಿಲ್ಲ. ಕೈ ಮುಗಿದುಕೊಂಡು ನಡೆದರೆ ಪೂಜೆಗೆ ಹೊರಟವಳಂತೆ ಕಂಡಳು. ತಲೆ ತಗ್ಗಿಸಿದರೆ ಹೊಸ ಸೊಸೆಯಂತೆ. ಅವಳಿಗೇ ಸಿಟ್ಟು ಬಂತು.

"ಒಳ್ಳೇಕಿ ಪಾತ್ರ ಇಷ್ಟ ಕಷ್ಟ ಅಂತ ಗೊತ್ತಿರಲಿಲ್ರಿ ಮಾಸ್ತರ. ಎಲ್ಲಿ ಕಾಲ ಊರಬೇಕು ತಿಳೀವಲ್ದು." ನಂತರ ಸಿಸ್ಟರನ್ನು ಕೇಳಿದಳು, "ಅಕ್ಕಾರ, ಈಕಿ ಜನ್ಮದಾಗ ಒಂದರ ತಪ್ಪು ಮಾಡ್ಯಾಳೇನ್ರಿ? ಮಾಡಿದ್ರ ಹೇಳ್ರಿ. ಅದರ ಮ್ಯಾಲ ನಾ ನಿಂದರ್ತೇನಿ."

ಸಿಸ್ಟರ್ ಐರಿನ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟರು. ಆಮೇಲೆ ಒಂದು ಕಥೆ ಹೇಳಿದರು. ಅದು ಅಚ್ಚಾದ ಚರಿತ್ರೆಯಲ್ಲಿ ಇಲ್ಲದ ಕಥೆ, ಹಿರಿಯ ಸಿಸ್ಟರುಗಳು ಕಿರಿಯರಿಗೆ ಬಾಯಲ್ಲಿ ಹೇಳುತ್ತ ಬಂದದ್ದು. ಒಂದು ವರ್ಷ ಆ ಊರಿಗೆ ಜ್ವರ ಬಂತಂತೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಜೊತೆಯ ಹುಡುಗಿಯರು ದಣಿದು ಬೀಳುವಂತಾಗಿದ್ದರು. ದೊಡ್ಡಕ್ಕ ತಾನೂ ದಣಿದಿದ್ದಳು. ಅಂದು ಸಂಜೆ ಬಾಗಿಲಿಲ್ಲದ ಆ ಬಾಗಿಲಿಗೆ ಒಂದು ಕಂಬಳಿ ಕಟ್ಟಿದಳು. ಒಂದೇ ಒಂದು ರಾತ್ರಿ ನಿದ್ದೆ ಮಾಡೋಣ ಎಂದಳು. ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು ಬಂದಳು. ಕಂಬಳಿ ನೋಡಿದಳು. ಈ ಮನೆಗೂ ಬಾಗಿಲು ಬಂತು ಎಂದುಕೊಂಡಳೋ ಏನೋ, ಕರೆಯಲಿಲ್ಲ. ಬೆಳಿಗ್ಗೆ ಕಂಬಳಿ ಸರಿಸಿದಾಗ ತಾಯಿ, ಕೂಸು ಇಬ್ಬರೂ ಹೊರಗೆ ಹೋಗಿಬಿಟ್ಟಿದ್ದರು.

"ಹೋಗಿಬಿಟ್ಟಿದ್ರು ಅಂದ್ರ?" ಶೋಭಾ ಕೇಳಿದಳು.

"ಸತ್ತಿದ್ದರು."

ಹೊಲಿಗೆ ಯಂತ್ರಗಳ ಮುಂದೆ ಕುಳಿತಿದ್ದ ಹುಡುಗಿಯರೂ ಕಾಲು ತುಳಿಯುವುದನ್ನು ನಿಲ್ಲಿಸಿದ್ದರು.

"ಆಮೇಲೆ ಅವಳು ಬಾಗಿಲ ಹತ್ತಿರವೇ ಮಲಗುತ್ತಿದ್ದಳಂತೆ. ಸಾಯುವವರೆಗೂ." ಸಿಸ್ಟರ್ ಎದ್ದರು. "ಇದನ್ನು ನಾಟಕಕ್ಕೆ ಹಾಕಬೇಡಿ."

"ಆ ಸೀನ್ ಇದ್ರ ನಾ ಮಾಡ್ತೇನಿ," ಎಂದಳು ಶೋಭಾ. "ಇಲ್ಲಂದ್ರ ನನಗ ಬಿಡ್ರಿ ಅಕ್ಕಾರ. ಬರೇ ಗಂಜಿ ಹಾಕೂದಕ್ಕ ನಾ ಬ್ಯಾಡ."

ನಾನು ಇಬ್ಬರ ನಡುವೆ ಸಿಕ್ಕಿಕೊಂಡೆ. ನಾಟಕದವನಾಗಿ ನನಗೆ ಗೊತ್ತು, ಅಡ್ಡ ನಿಲ್ಲುವವನು ಸಿಕ್ಕಿಬಿಟ್ಟ, ಮತ್ತು ಅವನಿಗೆ ಮೀಸೆ ಇಲ್ಲ, ಅವನು ದೊಡ್ಡಕ್ಕಾರೇ. ಆದರೆ ಹಬ್ಬಕ್ಕೆ ಮಂಗಳೂರಿನಿಂದ ಅವರ ಸಭೆಯ ಮೇಲಧಿಕಾರಿ ಮದರ್ ಬರುವವರಿದ್ದರು. ಸಂತಳ ಹಬ್ಬದ ದಿನ ಅವಳ ಕೈಯಿಂದ ಒಂದು ಕೂಸು ಸತ್ತದ್ದನ್ನು ಊರ ಮುಂದೆ ತೋರಿಸಿದರೆ ಸಿಸ್ಟರ್ ಐರಿನ್‌ಗೆ ಏನಾದೀತು? ಸಿಸ್ಟರ್ ಒಂದು ವಾರ ತೆಗೆದುಕೊಂಡರು. ಒಂದು ಬೆಳಿಗ್ಗೆ ದವಾಖಾನೆಯ ಬಾಗಿಲಲ್ಲಿ ಔಷಧದ ಡಬ್ಬಿ ಹಿಡಿದುಕೊಂಡೇ, "ಹಾಕಿ ಮಾಸ್ತ್ರೇ. ಕೇಳಿದವರಿಗೆ ನಾನು ಉತ್ತರ ಕೊಡ್ತೇನೆ," ಎಂದು ಒಳಗೆ ಹೋದರು. ಅವರ ಮುಖದಲ್ಲಿ ಧೈರ್ಯವಿತ್ತೋ ಹೆದರಿಕೆಯಿತ್ತೋ ಹೇಳಲಾರೆ.

ಅಂದಿನಿಂದ ಶೋಭಾಳ ನಡಿಗೆ ಸರಿಹೋಯಿತು. ಅವಳು ಬೇರೇನನ್ನೂ ಬದಲಿಸಿರಲಿಲ್ಲ. ದಣಿದವಳ ಹಾಗೆ ನಡೆದಳು, ಅಷ್ಟೇ.

ಆಟ ರವಿವಾರ ಮಧ್ಯಾಹ್ನಕ್ಕೆ, ದವಾಖಾನೆಯ ಅಂಗಳದಲ್ಲಿ. ಖಣಿಗೆ ರಜೆ ಇರುವುದು ಅಂದೇ, ಕತ್ತಲಾದ ಮೇಲೆ ಹೆಂಗಸರು ಬರುವುದಿಲ್ಲ ಎಂದು ಸಿಸ್ಟರ್ ಹಟ ಹಿಡಿದಿದ್ದರು. ಹಗಲು ಹೊತ್ತಿನ ನಾಟಕ ನನಗೆ ಹೊಸದು. ಬಣ್ಣದ ದೀಪವಿಲ್ಲ, ಬಿಸಿಲಲ್ಲಿ ಹಿಂದಿನ ಪರದೆಯ ಅರಮನೆ ಹಳೆಯ ದುಪ್ಪಟಿಯಂತೆ ಕಾಣುತ್ತದೆ. ನೋಡುವವರ ಮುಖ ನಮಗೆ, ನಮ್ಮ ಮುಖ ಅವರಿಗೆ ನಿಚ್ಚಳ. ಖಣಿಯ ಜನ ಮುಂದೆ ನೆಲದ ಮೇಲೆ, ನೇಕಾರರ ಓಣಿಯ ಹೆಂಗಸರು ಬದಿಗೆ, ಮುದುಕ ಮುದುಕಿಯರು ಕುರ್ಚಿಗಳಲ್ಲಿ, ಅವರ ಮಧ್ಯೆ ಬಿಳಿಯ ಬಟ್ಟೆಯ ಮದರ್. ಸಿಸ್ಟರ್ ಐರಿನ್ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು.

ಬಾಗಿಲು ಕಳಚುವ ನೋಟಕ್ಕೆ ಜನ ಚಪ್ಪಾಳೆ ಹೊಡೆದರು. ಕುಡುಕ ಬಂದಾಗ ನಕ್ಕರು. ಜ್ವರ ಬಂತು. ಶೋಭಾ ಕಂಬಳಿ ಕಟ್ಟಿದಳು. "ಒಂದ ರಾತ್ರಿ. ಒಂದ ರಾತ್ರಿ ಮಲಗೂಣು," ಎಂದು ಒಳಗೆ ಕುಸಿದು ಮಲಗಿದಳು. ಹೊಲಿಗೆಯ ತರಗತಿಯ ಲಕ್ಷ್ಮಿ ಬಟ್ಟೆಯ ಗೊಂಬೆಯೊಂದನ್ನು ಕೂಸಿನಂತೆ ಸುತ್ತಿಕೊಂಡು ಇನ್ನೊಂದು ಬದಿಯಿಂದ ಬಂದಳು. ಕಂಬಳಿಯ ಮುಂದೆ ನಿಂತಳು. ಇಲ್ಲಿ ಮಾತಿಲ್ಲ. ನಾನು ಪೇಟಿಯಲ್ಲಿ ಒಂದು ಸಣ್ಣ ಸುರ ಎಳೆಯಬೇಕು, ಲಕ್ಷ್ಮಿ ನಿಧಾನಕ್ಕೆ ಕೂರಬೇಕು, ಒರಗಬೇಕು, ಪರದೆ ಬೀಳಬೇಕು. ಮುಂದಿನ ನೋಟದಲ್ಲಿ ಬೆಳಗಾಗಿ ದೊಡ್ಡಕ್ಕಾರು ಕಂಬಳಿ ಸರಿಸಿ ನೋಡಬೇಕು.

ಲಕ್ಷ್ಮಿ ಕೂತಳು.

ಆಗ ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಹನುಮವ್ವ ಎಂದು, ಖಣಿಯಲ್ಲಿ ಕಲ್ಲು ಹೊತ್ತು ಹೊತ್ತು ಬೆನ್ನು ಬಾಗಿದವಳು. ಬಯಲಿಗೆ ಹೋಗಲು ಎದ್ದಿರಬೇಕು ಎಂದುಕೊಂಡೆ. ಅವಳು ಸೆರಗು ಸಿಕ್ಕಿಸಿಕೊಂಡು ನೇರವಾಗಿ ರಂಗದ ಮೆಟ್ಟಿಲು ಹತ್ತಿದಳು. ಕಂಬಳಿಯನ್ನು ಹಿಡಿದು ಒಮ್ಮೆ ಜಗ್ಗಿದಳು. ಕಟ್ಟಿದ ಹಗ್ಗದ ಸಮೇತ ಅದು ಕೆಳಗೆ ಬಿತ್ತು.

"ಏಳ ಯವ್ವಾ, ಏಳು," ಎಂದು ಶೋಭಾಳ ಭುಜ ಅಲುಗಾಡಿಸಿದಳು. "ಹೊರಗ ಕೂಸನ್ನ ತಗೊಂಡು ನಿಂತಾಳ. ಇಲ್ಲಿ ಮಲಗೀಯಲ್ಲ."

ಶೋಭಾ ಎದ್ದು ಕುಳಿತಳು. ಯಾವ ಮಾತಿಗೂ ಎದುರು ಮಾತು ಇದ್ದ ಶೋಭಾ, ಮಾತು ಮರೆತವಳಂತೆ ಪರದೆಯ ಬದಿಗೆ ತಿರುಗಿದಳು. ನನ್ನ ಕಡೆ ನೋಡಿದಳು. ಎತ್ತಿಕೊಡಲು ನನ್ನ ಪುಸ್ತಕದಲ್ಲಿ ಮಾತಿರಲಿಲ್ಲ.

"ಜಾಗಾ… ಜಾಗಾ ಇಲ್ಲವ್ವ," ಎಂದಳು ಕೊನೆಗೆ.

"ಇಷ್ಟ ದೊಡ್ಡ ಸ್ಟೇಜ್ ಐತಿ, ಜಾಗಾ ಇಲ್ಲಂತಿ?"

ಜನ ಘೊಳ್ಳೆಂದು ನಕ್ಕರು. ನಗು ತಕ್ಷಣ ನಿಂತುಹೋಯಿತು, ಯಾಕೆಂದರೆ ಹನುಮವ್ವ ನಗುತ್ತಿರಲಿಲ್ಲ. ಅವಳು ಲಕ್ಷ್ಮಿಯ ಕೈ ಹಿಡಿದು ಒಳಗೆ ತಂದಳು. ಆ ಬಟ್ಟೆಯ ಗೊಂಬೆಯನ್ನು ಎತ್ತಿಕೊಂಡು, ಅದರ ಹಣೆಯ ಮೇಲೆ ಕೈಯಿಟ್ಟು, "ಮೈ ಸುಡಾಕ ಹತ್ತೇತಿ. ನೀರ ತರ್ರಿ," ಎಂದಳು. ಕುಡುಕನ ಪಾತ್ರದವನು ಬದಿಯಿಂದ ಓಡಿಬಂದು ನಿಜವಾದ ತಂಬಿಗೆಯಲ್ಲಿ ನೀರು ಕೊಟ್ಟ. ಇನ್ನಿಬ್ಬರು ಹೆಂಗಸರು ಹತ್ತಿ ಬಂದು ಲಕ್ಷ್ಮಿಗೆ ಕಂಬಳಿ ಹೊದಿಸಿದರು. ಶೋಭಾ ಎದ್ದು ತಾನು ಮಲಗಿದ್ದ ಜಾಗವನ್ನು ಸೆರಗಿನಿಂದ ಒರೆಸಿ, "ಇಲ್ಲಿ… ಇಲ್ಲಿ ಮಲಗಸ್ರಿ," ಎಂದಳು.

ಯಾವ ರಾಗ ನುಡಿಸಬೇಕು? ಸಾವಿಗೆ ಒಂದಿದೆ, ಮಂಗಳಕ್ಕೆ ಒಂದಿದೆ. ಇದಕ್ಕೆ ಯಾವುದೆಂದು ನನಗೆ ಯಾರೂ ಕಲಿಸಿರಲಿಲ್ಲ. ಒಂದೇ ಸುರ ಹಿಡಿದು ಕುಳಿತೆ. ಪರದೆ ಎಳೆಯುವವನು "ಎಳೀಲೇನ್ರಿ ಮಾಸ್ತರ?" ಎಂದು ಕೇಳುತ್ತಿದ್ದ. ನಾನು ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ರಂಗದ ಮೇಲೆ ಹೆಂಗಸರು ಗೊಂಬೆಯ ಸುತ್ತ ಕುಳಿತು ಮಾತಾಡಿಕೊಳ್ಳತೊಡಗಿದರು. ಉಳಿದ ನೋಟಗಳಿಗೆ ದಾರಿಯೇ ಇರಲಿಲ್ಲ. ತಾಯಿಯೂ ಸಾಯಲಿಲ್ಲ, ಕೂಸೂ ಸಾಯಲಿಲ್ಲ. ಇನ್ನು ದೊಡ್ಡಕ್ಕಾರು ಯಾವುದಕ್ಕಾಗಿ ಬಾಗಿಲಲ್ಲಿ ಮಲಗಬೇಕು? ನಾಟಕ ಅಲ್ಲಿಗೆ ಮುಗಿಯಿತೆಂದು ಯಾರೂ ಹೇಳಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಚಹಾದ ಕಡೆ ಹೋದರು.

ಶೋಭಾ ಕನ್ನಡಿಯ ಮುಂದೆ ಕುಳಿತು ಬಣ್ಣ ಒರೆಸುತ್ತಿದ್ದಳು. "ಮಾಸ್ತರ, ಇವತ್ತ ನಾ ಪಾರ್ಟ್ ಮಾಡಿದ್ನೋ ಇಲ್ಲೋ?" ಎಂದಳು. ಗೊತ್ತಿಲ್ಲವ್ವ ಎಂದೆ. "ನನಗೂ ಗೊತ್ತಾಗವಲ್ದು," ಎಂದು ಚೀಲ ತೆಗೆದುಕೊಂಡು ಬಸ್ಸಿಗೆ ಹೋದಳು. ಅದೇ ವಾರ ಹುನಗುಂದದ ಬಳಿ ಒಂದು ನಾಟಕದಲ್ಲಿ ಎಂ‌ದಿನಂತೆ ಕುಣಿದಳು, ಜನ ಎಂದಿನಂತೆ ಸಿಳ್ಳೆ ಹೊಡೆದರು.

ಸಿಸ್ಟರ್ ಐರಿನ್ ಅಡುಗೆಮನೆಯ ಹಿಂದೆ ನಿಂತಿದ್ದರು. ಕಣ್ಣು ಒದ್ದೆಯಾಗಿದ್ದವು, ಆದರೆ ಬಾಯಿ ನಗುತ್ತಿತ್ತು. "ಆ ತಾಯಿ ಸತ್ತಳು ಮಾಸ್ತ್ರೇ," ಎಂದರು. "ಅವಳು ನಿಜವಾಗಿ ಸತ್ತಳು. ಅದರಿಂದಲೇ ಅಲ್ಲವೇ ನಾವೆಲ್ಲ ಇಲ್ಲಿರೋದು?" ಮದರ್ ಅತ್ತ ಬಂದರು. ಬೈಯುತ್ತಾರೆ ಎಂದುಕೊಂಡೆವು. "ಎಲ್ಲರಿಗೂ ಚಹಾ ಸಿಕ್ಕಿತಾ?" ಎಂದು ಕೇಳಿ ಮುಂದೆ ಹೋದರು. ಮರುವರ್ಷ ಸಿಸ್ಟರ್ ಐರಿನ್‌ರಿಗೆ ದೂರದ ಊರಿಗೆ ವರ್ಗವಾಯಿತು. ನಾಟಕಕ್ಕೂ ಅದಕ್ಕೂ ಸಂಬಂಧವಿತ್ತೋ ಇಲ್ಲವೋ. ಹೊರಡುವ ಮುನ್ನ ಕಮತಗಿಗೆ ಬಂದು ಹೇಳಿಹೋದರು.

ನಾನಂತೂ ಊರೂರಲ್ಲಿ ಈ ಸಂಗತಿಯನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದೆ. ನನ್ನ ನಾಟಕ ಎಷ್ಟು ತಟ್ಟಿತೆಂದರೆ ಒಬ್ಬ ಮುದುಕಿ ಅದನ್ನು ನಿಜವೆಂದೇ ತಿಳಿದು ರಂಗಕ್ಕೆ ನುಗ್ಗಿದಳು, ನೋಡಿ! ಕೇಳಿದವರು 'ಅಬ್ಬಾ' ಅನ್ನುತ್ತಿದ್ದರು.

ಪೇಟಿ ಅಟ್ಟಕ್ಕೇರಿಸಿದ ಮೇಲೆ ಕಿವಿಗೆ ಔಷಧಿ ಹಾಕಿಸಲು ಒಮ್ಮೆ ಆ ದವಾಖಾನೆಗೆ ಹೋಗಿದ್ದೆ. ಹೊಸದಾಗಿ ಬಂದ ಒಬ್ಬ ಎಳೆಯ ಸಿಸ್ಟರ್ ಇದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನನ್ನನ್ನು ಕೂರಿಸಿಕೊಂಡು, ಕಿವಿಯ ಹತ್ತಿರ ಬಂದು ಜೋರಾಗಿ, ತಮ್ಮ ಸಭೆಯ ಸ್ಥಾಪಕಿಯ ಕಥೆ ಹೇಳಿದಳು. ಬಾಗಿಲು ಕಳಚಿದ್ದು, ಜ್ವರ, ಕಂಬಳಿ. "ಆಗ ಊರಿನ ಒಬ್ಬ ಅಜ್ಜಿ ಬಂದು ಕಂಬಳಿ ಜಗ್ಗಿ ಹಾಕಿದಳು. ತಾಯಿ, ಮಗು ಇಬ್ಬರೂ ಉಳಿದರು," ಎಂದಳು.

"ಇದನ್ನ ನಿಮಗ ಯಾರ ಹೇಳಿದ್ರವ್ವ?" ಎಂದೆ.

"ನಮ್ಮ ಹಿರಿಯ ಸಿಸ್ಟರುಗಳು. ಮೊದಲಿನಿಂದಲೂ ಇರೋ ಕಥೆಯಂತೆ."

ಸಮುದ್ರದಾಚೆ ಸತ್ತ ಆ ತಾಯಿ ಇಳಕಲ್ಲಿನ ರಂಗದ ಮೇಲೆ ಬದುಕಿ, ಮತ್ತೆ ಸಮುದ್ರದಾಚೆಯ ಕಥೆಗೇ ಹೋಗಿಬಿಟ್ಟಿದ್ದಳೇ? ಸಿಸ್ಟರ್ ಐರಿನ್ ಹೀಗೆ ಹೇಳಿಕೊಟ್ಟರೇ? ಇಲ್ಲ ಎಂದು ತಿದ್ದಲೇ? ತಿದ್ದಿದರೆ ನಾನು ಎರಡು ಜೀವ ತೆಗೆದಂತೆ. ತಿದ್ದದಿದ್ದರೆ ಸುಳ್ಳು. ಔಷಧಿ ಹಾಕಿಸಿಕೊಂಡು ಸುಮ್ಮನೆ ಎದ್ದೆ. ಆದರೆ ಆ ಹನುಮವ್ವನನ್ನು ನಾನು ಒಮ್ಮೆಯೂ ಕೇಳಿಲ್ಲವಲ್ಲ ಎಂದು ಆಗ ಹೊಳೆಯಿತು. ಅಲ್ಲಿಯೇ ವಿಚಾರಿಸಿದೆ. ಹುನಗುಂದದಲ್ಲಿ ಮಗಳ ಮನೆಯಲ್ಲಿದ್ದಾಳೆ ಎಂದರು. ಹೋದೆ.

ಪಡಸಾಲೆಯಲ್ಲಿ ಶೇಂಗಾ ರಾಶಿ ಹಾಕಿಕೊಂಡು ಸುಲಿಯುತ್ತಿದ್ದಳು. ಬೆನ್ನು ಇನ್ನಷ್ಟು ಬಾಗಿತ್ತು. ಕಣ್ಣು ಚುರುಕಾಗಿದ್ದವು. ನಾನು ಯಾರೆಂದು ಹೇಳಿದ ಕೂಡಲೇ, "ಪೇಟಿ ಮಾಸ್ತರ!" ಎಂದಳು. ಅವಳ ಬಾಯಿ ನೋಡಿಕೊಂಡು ಕುಳಿತರೆ ಮಾತು ತಿಳಿಯುತ್ತಿತ್ತು. ಅಂದಿನದನ್ನು ಎತ್ತಿದೆ.

"ಖರೇನ ಒಬ್ಬಾಕಿ ಹೊರಗ ನಿಂತಾಳ ಅಂತ ತಿಳಿದಿದ್ಯೇನ ಯವ್ವಾ?"

ಅವಳು ನನ್ನನ್ನು ದಡ್ಡನನ್ನು ನೋಡಿದಂತೆ ನೋಡಿದಳು. "ಹುಚ್ಚದಿಯೇನೋ ತಮ್ಮಾ? ಅಕಿ ನಮ್ಮ ಓಣಿ ಲಕ್ಷ್ಮಿ. ಕೈಯಾಗಿಂದು ಅರಿವಿ ಗೊಂಬಿ. ಮಲಗಿದಾಕಿ ಶೋಭಾ, ಅಕಿನ್ನ ನಾ ಎಷ್ಟ ನಾಟಕದಾಗ ನೋಡೇನಿ."

"ನಾಟಕ ಅಂತ ಗೊತ್ತಿತ್ತು?"

"ಗೊತ್ತಿಲ್ಲದ ಏನು?"

ಊರೂರಲ್ಲಿ ಹೇಳಿಕೊಂಡು ಬಂದ ನನ್ನ ಹೆಮ್ಮೆ ಆ ಪಡಸಾಲೆಯಲ್ಲಿ ಎತ್ತ ಹೋಯಿತೋ. "ಮತ್ಯಾಕ ಎದ್ದು ಬಂದಿ?" ಎಂದೆ.

"ಯಾರರ ಏಳ್ತಾರ ಅಂತ ನಾನೂ ಕುಂತ ನೋಡಿದೆ. ಯಾರೂ ಏಳಲಿಲ್ಲ."

"ಅದು ನಾಟಕ ಐತೆಲ್ಲವ್ವ. ಯಾಕ ಏಳ್ತಾರ?"

ಹನುಮವ್ವ ಒಂದು ಕಾಯಿ ಒಡೆದು ಬೀಜ ಬುಟ್ಟಿಗೆ ಹಾಕಿದಳು. "ಮ್ಯಾಲ ಇದ್ದಾವ್ರು ನಾಟಕದ ಮಂದಿ ಇರಬೇಕೋ ತಮ್ಮಾ. ಕೆಳಗ ಕುಂತಾವ್ರೆಲ್ಲಾ ಖರೇ ಮಂದಿನ ಇದ್ರಲ್ಲ."

ಅವಳು ಶೇಂಗಾದ ರಾಶಿಯನ್ನು ನನ್ನ ಕಡೆ ಸರಿಸಿದಳು.

"ಸುಮ್ಮ ಯಾಕ ಕುಂತಿ," ಎಂದಳು. "ಸುಲಿ."